ಕಂಪ್ಲೀಷನ್ ದಿನಾಂಕ ಇಲ್ಲದೆ ಎಕ್ಸ್‌ಚೇಂಜ್ ಮಾಡಬಹುದಾ? (ಇಂಗ್ಲೆಂಡ್)

ಪ್ರಶ್ನೆ:
ರೆಡಿಂಗ್‌ನಲ್ಲಿ ಇನ್ನೂ ಕಟ್ಟುತ್ತಿರುವ ಫ್ಲ್ಯಾಟ್ ಕೊಳ್ಳುತ್ತಿದ್ದೇವೆ. ಈ ವಾರವೇ ಎಕ್ಸ್‌ಚೇಂಜ್ (ಸಹಿ ಹಾಕಿದ ಕಾಂಟ್ರ್ಯಾಕ್ಟ್ ಬದಲಾಯಿಸಿಕೊಳ್ಳುವುದು, ಆಮೇಲೆ ಸುಮ್ಮನೆ ಹಿಂದೆ ಸರಿಯುವ ಹಾಗಿಲ್ಲ) ಮಾಡಿ 10% ಡೆಪಾಸಿಟ್ ಕಟ್ಟಿ ಅಂತ ಬಿಲ್ಡರ್ ಒತ್ತಾಯ. ಆದರೆ ಕಾಂಟ್ರ್ಯಾಕ್ಟ್‌ನಲ್ಲಿ ಕಂಪ್ಲೀಷನ್ (ಪೂರ್ತಿ ದುಡ್ಡು ಕಟ್ಟಿ ಮನೆ ಕೈಗೆ ಪಡೆಯುವ) ದಿನಾಂಕವೇ ಇಲ್ಲ. ಕೆಲಸ ಮುಗಿದಾಗ ನೋಟಿಸ್ ಕೊಡುತ್ತಾರಂತೆ, ಆಮೇಲೆ 10 ವರ್ಕಿಂಗ್ ದಿನದೊಳಗೆ ನಾವು ಪೂರ್ತಿ ದುಡ್ಡು ಕಟ್ಟಬೇಕಂತೆ. ಬಾಡಿಗೆ ಮನೆ ಯಾವಾಗ ಬಿಡುವುದು ಅಂತಲೇ ಗೊತ್ತಾಗುತ್ತಿಲ್ಲ. ಸಹಿ ಹಾಕಬಹುದಾ?

ಉತ್ತರ 1:
ಹೊಸ ಮನೆಗಳಲ್ಲಿ ಇದು ಮಾಮೂಲಿ, ಗಾಬರಿ ಬೇಡ. ಆದರೆ ‘ಲಾಂಗ್ ಸ್ಟಾಪ್ ಡೇಟ್’ ಇದೆಯಾ ನೋಡಿ. ಆ ದಿನದೊಳಗೆ ಮನೆ ಮುಗಿಯದಿದ್ದರೆ ಕಾಂಟ್ರ್ಯಾಕ್ಟ್ ರದ್ದು ಮಾಡಿ ಡೆಪಾಸಿಟ್ ವಾಪಸ್ ಪಡೆಯುವ ಹಕ್ಕು ನಿಮಗಿದೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಅದಿಲ್ಲದೆ ಸಹಿ ಹಾಕಲೇಬೇಡಿ.

ಉತ್ತರ 2:
ಮಾರ್ಟ್‌ಗೇಜ್ ಆಫರ್ (ಮನೆ ಸಾಲಕ್ಕೆ ಬ್ಯಾಂಕ್ ಕೊಟ್ಟ ಒಪ್ಪಿಗೆ) ಎಲ್ಲಿಯವರೆಗೆ ಇದೆ? ಸಾಮಾನ್ಯವಾಗಿ 6 ತಿಂಗಳು ಇರುತ್ತದೆ. ಮನೆ ತಡವಾಗಿ ಆಫರ್ ಮುಗಿದುಹೋದರೂ ಕಾಂಟ್ರ್ಯಾಕ್ಟ್ ನಿಮ್ಮನ್ನು ಬಿಡುವುದಿಲ್ಲ, ದುಡ್ಡು ಹೊಂದಿಸಲಾಗದಿದ್ದರೆ ಡೆಪಾಸಿಟ್ಟೇ ಹೋಗಬಹುದು. ಆಫರ್ ಮುಂದುವರಿಸುತ್ತಾರಾ ಅಂತ ಬ್ಯಾಂಕಿನಿಂದ ಬರಹದಲ್ಲೇ ತೆಗೆದುಕೊಳ್ಳಿ, ಫೋನಿನ ಮಾತು ನಂಬಬೇಡಿ.

ಉತ್ತರ 3:
ಹಳೆ ಮನೆ ಕೊಳ್ಳುವವರಿಗೂ ಒಂದು ಮಾತು. ಅಲ್ಲಿ ದಿನಾಂಕ ಖಾಲಿ ಬಿಟ್ಟರೆ ‘ಯಾವಾಗ ಬೇಕಾದರೂ’ ಅಂತ ಅರ್ಥವಲ್ಲ. ಸ್ಟ್ಯಾಂಡರ್ಡ್ ಕಂಡಿಷನ್ಸ್ ಆಫ್ ಸೇಲ್ (ಮನೆ ಮಾರಾಟದ ಕಾಂಟ್ರ್ಯಾಕ್ಟ್‌ಗೆ ಸೇರಿಸುವ ಮಾಮೂಲಿ ಷರತ್ತುಗಳು) ಪ್ರಕಾರ, ಬೇರೆ ಏನೂ ಬರೆಯದಿದ್ದರೆ ಎಕ್ಸ್‌ಚೇಂಜ್ ಆಗಿ 20 ವರ್ಕಿಂಗ್ ದಿನಕ್ಕೆ ಕಂಪ್ಲೀಷನ್. ಮಾರುವವರಿಗೆ ಮುಂದಿನ ಮನೆ ಸಿಕ್ಕಿಲ್ಲ ಅಂತ ಸುಮ್ನೆ ಖಾಲಿ ಬಿಟ್ಟರೆ ಇಬ್ಬರಿಗೂ ಕಷ್ಟ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಲಾಂಗ್ ಸ್ಟಾಪ್ ಡೇಟ್ ಎಲ್ಲೂ ಕಾಣಿಸಲಿಲ್ಲ. ಅದನ್ನು ಸೇರಿಸುವವರೆಗೂ ಎಕ್ಸ್‌ಚೇಂಜ್ ಬೇಡ ಅಂತ ನಮ್ಮ ಸಾಲಿಸಿಟರ್‌ಗೆ (ವಕೀಲರಿಗೆ) ಈಗಲೇ ಮೇಲ್ ಮಾಡುತ್ತೇನೆ.