ಸಾವಿನ ವಿನೋದವಾಕ್ಯಗಳಿಂದ ಇಂಗ್ಲಿಷ್ ನುಡಿಗಟ್ಟು ಕಲಿಸಿದ್ದು ತಪ್ಪಾಯಿತೇ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಜಮಖಂಡಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಹಳ್ಳಿಯೊಂದರ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಶಬ್ದಗಳ ಪಟ್ಟಿಯನ್ನು ಹತ್ತು ಸಲ ಬರೆಸಿ, ಬಾಯಿಪಾಠ ಮಾಡಿಸಿದರೂ ವಾರ ಕಳೆಯುವಷ್ಟರಲ್ಲಿ ಮಕ್ಕಳು ಅದನ್ನು ಮರೆತಿರುತ್ತಿದ್ದರು. ಆದ್ದರಿಂದ ಈ ವರ್ಷ ಸ್ವಲ್ಪ ಕರಾಳವಾದರೂ ನಗು ತರಿಸುವ ವಾಕ್ಯಗಳನ್ನು ನಾನೇ ಕಟ್ಟಿ ಹೇಳತೊಡಗಿದೆ. ‘ರಿಲಕ್ಟಂಟ್’ (ಮನಸ್ಸಿಲ್ಲದ, ಹಿಂಜರಿಯುವ) ಎಂಬ ಶಬ್ದಕ್ಕೆ, “ಉಯಿಲು ಬರೆಯಲು ಮುದುಕನು ರಿಲಕ್ಟಂಟ್ ಆಗಿದ್ದನು, ಅವನಿಗೆ ಔಷಧ ತರಲು ಮಕ್ಕಳು ರಿಲಕ್ಟಂಟ್ ಆಗಿದ್ದರು” ಎಂದು ಹೇಳಿದೆ. ತಿಂಗಳ ನಂತರ ಕೇಳಿದಾಗ ಹಿಂದಿನ ಬೆಂಚಿನವರೂ ಅದರ ಅರ್ಥವನ್ನು ತಡವರಿಸದೆ ಹೇಳಿದರು.

ಆದರೆ ಕಳೆದ ವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ರಜೆ ಚೀಟಿ ತಂದುಕೊಟ್ಟ. ಎರಡು ಗೆರೆ ಪುಸ್ತಕದ ಹಾಳೆಯಲ್ಲಿ, ಸ್ಕೇಲು ಹಿಡಿದು ಅಂಚು ಹಾಕಿ, ‘ಮೈ ಗ್ರ್ಯಾಂಡ್‌ಫಾದರ್ ಕಿಕ್ಡ್ ದ ಬಕೆಟ್’ ಎಂದು ಬರೆದು ಎರಡು ದಿನದ ರಜೆ ಕೇಳಿದ್ದ. “ಅಕ್ಕೋರ, ಅಜ್ಜಾನ ಮಣ್ಣಿಗೆ ಹೋಗಬೇಕ್ರಿ” ಎನ್ನುವಾಗ ಅವನ ಕಣ್ಣು ತುಂಬಿತ್ತು. ವಾಕ್ಯದ ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ‘ಸತ್ತ’ ಎಂಬುದನ್ನು ಹಗುರವಾಗಿ ಹೇಳುವ ಆ ನುಡಿಗಟ್ಟನ್ನು ತರಗತಿಯಲ್ಲಿ ನಗಿಸಿ ಕಲಿಸಿದವಳು ನಾನೇ. ಈ ವಿಧಾನವನ್ನು ಬಿಟ್ಟುಬಿಡಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿರಿ.

ಉತ್ತರ 1: ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಬೆಳಗಾವಿ

ತಂಗೀ, ಬಿಡಬೇಡಿರಿ. ನಿಮ್ಮ ಪಾಠ ತಪ್ಪಲ್ಲ, ಅದು ಅರ್ಧಕ್ಕೆ ನಿಂತಿದೆ ಅಷ್ಟೇ. ಆ ಹುಡುಗನಿಗೆ ನುಡಿಗಟ್ಟಿನ ಅರ್ಥ ಸಿಕ್ಕಿದೆ, ಅದು ಯಾರ ಮುಂದೆ ಸಲ್ಲುವ ಮಾತು ಎಂಬುದು ಸಿಕ್ಕಿಲ್ಲ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಬೀದಿಯ ಒರಟು ಮಾತುಗಳಿಗೆಂದೇ ಹೊರತಂದ ಇಂಗ್ಲಿಷ್ ನಿಘಂಟಿನಲ್ಲಿ ಈ ಬಕೆಟ್ ಒದೆಯುವ ಮಾತು ‘ಸಾಯು’ ಎಂಬ ಅರ್ಥದಲ್ಲಿ ದಾಖಲಾಗಿದೆ ಎಂಬುದೊಂದೇ ಸಾಕು, ಅದರ ಜಾಗ ಯಾವುದೆಂದು ತಿಳಿಯಲು. ಬಕೆಟ್ ಎಂದರೆ ಕೊಯ್ದ ಹಂದಿಯನ್ನು ತೂಗುಹಾಕುವ ತೊಲೆ ಎಂದು ಕೆಲವರು ವಿವರಿಸುತ್ತಾರೆ. ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಇದನ್ನು ಮಕ್ಕಳಿಗೆ ತಿಳಿಸಲು ಇಂಗ್ಲಿಷಿನ ಹಂಗೇ ಬೇಡ. ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಮನೆಯ ಹಿರಿಯರು ತೀರಿಕೊಳ್ಳುತ್ತಾರೆ, ನಾಟಕದ ಖಳನಾಯಕ ಗೊಟಕ್ ಎನ್ನುತ್ತಾನೆ. ಇವುಗಳನ್ನು ಅದಲುಬದಲು ಮಾಡಿದರೆ ಏನಾಗುತ್ತದೆ ಎಂಬುದು ಹತ್ತು ವರ್ಷದ ಮಗುವಿಗೂ ಗೊತ್ತು. ನಮ್ಮ ಬೆಳಗಾವಿಯಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ ಆಡುತ್ತ ಬೆಳೆಯುತ್ತಾರೆ. ಯಾರೊಂದಿಗೆ ಯಾವ ಮಾತು ಎಂಬ ಎಚ್ಚರ ಅವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಆ ಎಚ್ಚರವನ್ನೇ ಹಿಡಿದು, ಚೀಟಿಗೆ ‘ಪಾಸ್ಡ್ ಅವೇ’, ವರದಿಗೆ ‘ಡೈಡ್’, ಗೆಳೆಯರ ನಡುವಿನ ಕಟ್ಟುಕಥೆಗೆ ಬಕೆಟ್ ಎಂದು ಹಲಗೆಯ ಮೇಲೆ ಬರೆಯಿರಿ. ‘ಒನ್ ಫುಟ್ ಇನ್ ದ ಗ್ರೇವ್’ (ಒಂದು ಕಾಲು ಗೋರಿಯಲ್ಲಿ) ಕಲಿಸುವಾಗಲೂ ನಮ್ಮ “ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ” ಎಂಬ ಮಾತನ್ನು ಪಕ್ಕದಲ್ಲಿಡಿರಿ. ಮುದುಕರು ತಮ್ಮ ಬಗ್ಗೆ ಹೇಳಿಕೊಂಡರೆ ಚೆಂದ, ಅವರ ಎದುರು ನಾವು ಹೇಳಿದರೆ ಅಪಚಾರ. ಎರಡು ಭಾಷೆಯಲ್ಲೂ ಅಷ್ಟೇ.

ಉತ್ತರ 2: ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಹೇಳುವವರು, ವಿಜಯಪುರ

ಹಿರಿಯರ ಮಾತು ನಿಜ. ನಾನು ವಾಕ್ಯ ಕಟ್ಟುವ ಕೆಲಸದ ಬಗ್ಗೆ ಹೇಳಬೇಕೆಂದಿದ್ದೇನೆ, ಏಕೆಂದರೆ ಬಹಳ ಜನ ಎಡವುವುದು ಅಲ್ಲಿಯೇ. ನಗು ಆ ಶಬ್ದದಿಂದಲೇ ಹುಟ್ಟಬೇಕು. “ಮೆಟಿಕ್ಯುಲಸ್ ಆದ ಕಳ್ಳನು ಮಾಳಿಗೆಯಿಂದ ಬಿದ್ದು ಸತ್ತನು” ಎಂಬ ವಾಕ್ಯವನ್ನು ನಾನು ಮೊದಲು ಬಳಸುತ್ತಿದ್ದೆ. ಕಳ್ಳ ಬಿದ್ದದ್ದು ಎಲ್ಲರಿಗೂ ನೆನಪಿತ್ತು, ಮೆಟಿಕ್ಯುಲಸ್ ಎಂದರೇನೆಂದು ಒಬ್ಬರಿಗೂ ನೆನಪಿರಲಿಲ್ಲ. ಆ ಜಾಗದಲ್ಲಿ ಕುಳ್ಳ, ದಪ್ಪ, ಬಡವ ಎಂದು ಏನು ಹಾಕಿದರೂ ವಾಕ್ಯ ನಡೆಯುತ್ತದೆಯಲ್ಲವೇ? ಈಗ ಹೀಗೆ ಹೇಳುತ್ತೇನೆ: “ಮೆಟಿಕ್ಯುಲಸ್ ಆದ ಕೊಲೆಗಾರನು ಕೆಲಸ ಮುಗಿದ ಮೇಲೆ ನೆಲ ಒರೆಸಿ, ಚಹಾ ಕುಡಿದ ಕಪ್ಪು-ಬಸಿ ತೊಳೆದಿಟ್ಟು, ಸತ್ತವನ ಚಪ್ಪಲಿಗಳನ್ನೂ ಬಾಗಿಲಲ್ಲಿ ಜೋಡಿಸಿಟ್ಟು ಹೋದನು.” ಚಿಕ್ಕ ವಿವರವನ್ನೂ ಬಿಡದ ಅಚ್ಚುಕಟ್ಟುತನವೇ ಇಲ್ಲಿ ನಗೆಯ ಕಾರಣ, ಅದೇ ಶಬ್ದದ ಅರ್ಥ. ಶಬ್ದ ಬದಲಿಸಿ ನೋಡಿರಿ; ನಗು ಹಾಗೆಯೇ ಉಳಿದರೆ ಆ ವಾಕ್ಯವನ್ನು ಕೈಬಿಡಿರಿ.

ಇನ್ನೊಂದು ಮಾತು. ಒಂದೇ ತರಹದ ಸಾಲಿನಲ್ಲಿ ಬೇರೆಯಾಗಿ ಕಾಣುವುದು ಹೆಚ್ಚು ನೆನಪಿರುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ ಅವರು 1933ರಲ್ಲಿಯೇ ಪ್ರಯೋಗಗಳಿಂದ ತೋರಿಸಿದ್ದರು. ಹಾಗಿರುವಾಗ ಪ್ರತಿ ವಾಕ್ಯದಲ್ಲೂ ಹೆಣ ಬಿದ್ದರೆ ಯಾವ ಹೆಣವೂ ಬೇರೆಯಾಗಿ ಕಾಣುವುದಿಲ್ಲ. ಎಷ್ಟು ಕಲಿಸಿದರೂ ನಿಲ್ಲದ ಮೊಂಡು ಶಬ್ದಗಳಿಗಷ್ಟೇ ನಾನು ಇದನ್ನು ಕಾದಿಟ್ಟುಕೊಳ್ಳುತ್ತೇನೆ.

ಉತ್ತರ 3: ಶಿಕ್ಷಕಿ, ಮುಧೋಳ

ಅಕ್ಕಾ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮದು ಘಟಪ್ರಭೆಯ ದಂಡೆ. 2019ರ ಆಗಸ್ಟಿನ ನೆರೆಯನ್ನು ಕಂಡ ಮನೆಗಳ ಮಕ್ಕಳ ಮುಂದೆ ನೀರಿನಲ್ಲಿ ಮುಳುಗುವ ಮಾತನ್ನು ನಾನು ವಿನೋದಕ್ಕೆ ಬಳಸುವುದಿಲ್ಲ; ಸಾಲ ಮಾಡಿ ಸತ್ತ ರೈತನ ಮಾತಂತೂ ಇಲ್ಲವೇ ಇಲ್ಲ. ಸಾಯುವವನು ರಾಜನೋ, ದೆವ್ವವೋ, ಜಿಪುಣ ಸಾಹುಕಾರನೋ ಆಗಿರಲಿ.

ತಮ್ಮ ಹೊಟ್ಟೆಯಲ್ಲೇ ಸಾವನ್ನಿಟ್ಟುಕೊಂಡ ಶಬ್ದಗಳೂ ಇವೆ. ನಾವು ದಿನವೂ ಆಡುವ ‘ಡೆಡ್‌ಲೈನ್’ ಅಮೆರಿಕದ ಅಂತರ್ಯುದ್ಧದ ಸೆರೆಮನೆಗಳಿಂದ ಬಂದದ್ದು. 1864ರಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್ ಶಿಬಿರದಲ್ಲಿ ಬೇಲಿಯ ಒಳಮಗ್ಗುಲಿಗೆ ಒಂದು ಗಡಿಯಿತ್ತು; ಅದನ್ನು ದಾಟಿದ ಕೈದಿಯನ್ನು ಕಾವಲುಗಾರರು ಗುಂಡಿಕ್ಕಿ ಕೊಲ್ಲುತ್ತಿದ್ದರು. ‘ಮಾರ್ಟ್‌ಗೇಜ್’ (ಅಡಮಾನ) ಎಂಬುದು ಹಳೆಯ ಫ್ರೆಂಚಿನಲ್ಲಿ ‘ಸತ್ತ ಒತ್ತೆ’. ಇದನ್ನು ಹೇಳಿದ ದಿನ ನಮ್ಮ ತರಗತಿಯಲ್ಲಿ ಒಬ್ಬರೂ ನಗಲಿಲ್ಲ, ಆದರೆ ಒಬ್ಬರೂ ಮರೆತಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹುಡುಗ ನಿನ್ನೆ ಶಾಲೆಗೆ ಮರಳಿದ. ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಬೆಳಗಾವಿಯ ಗುರುಗಳು ಹೇಳಿದಂತೆ ಮೂರೂ ಮಾತುಗಳನ್ನು ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಹಂಗಾರ ನಾ ಬರದದ್ದು ಗೊಟಕ್ ಅಂದಂಗ ಆತೇನ್ರಿ ಅಕ್ಕೋರ?” ಎಂದು ಕೇಳಿದ. ತಪ್ಪು ನನ್ನದೆಂದು ಹೇಳಿದೆ. ಅವನು ಹಳೆಯ ಚೀಟಿಯನ್ನು ಮರಳಿ ಪಡೆದು, ಅದೇ ಸ್ಕೇಲಿನಿಂದ ಹೊಸ ಹಾಳೆಗೆ ಅಂಚು ಹಾಕಿ, ‘ಪಾಸ್ಡ್ ಅವೇ’ ಎಂದು ಬರೆದುಕೊಟ್ಟ.