ಹರಾಜಿಗಾಗಿ ಊಟದ ತಟ್ಟೆಗಳ ಮೇಲೆ ಚಿತ್ತಾರ: ಸಲಹೆ ಬೇಕು

ಕುಂಚಪ್ರಿಯೆ (ಪ್ರಶ್ನೆ):
ಹತ್ತಿರದ ಸರ್ಕಾರಿ ಶಾಲೆಯ ಗ್ರಂಥಾಲಯಕ್ಕೆ ಹಣ ಕೂಡಿಸಲು ನಮ್ಮ ಬಡಾವಣೆಯ ಮಹಿಳಾ ಸಮಾಜ ಒಂದು ಸಣ್ಣ ಹರಾಜನ್ನು ಏರ್ಪಡಿಸುತ್ತಿದೆ. ಅಟ್ಟದ ಮೇಲಿರುವ ಸ್ಟೀಲ್ ತಟ್ಟೆ, ಪಿಂಗಾಣಿ ಬಟ್ಟಲು, ಕಪ್ಪು-ಸಾಸರುಗಳನ್ನು ಮನೆಮನೆಯಿಂದ ಸಂಗ್ರಹಿಸಿ, ಅವುಗಳ ಮೇಲೆ ಮಲೆನಾಡಿನ ಗೋಡೆಚಿತ್ರವಾದ ಹಸೆ ಚಿತ್ತಾರ ಬರೆದು, ಗೋಡೆಗೆ ತೂಗುಹಾಕುವಂತೆ ಮಾಡಬೇಕೆಂದಿದ್ದೇವೆ. ನುಣುಪಾದ ಮೈಯ ಮೇಲೆ ಬಣ್ಣ ನಿಲ್ಲುವಂತೆ ಮಾಡುವುದು ಹೇಗೆ? ಅಲ್ಲದೆ, ಹಲವು ಸ್ಟೀಲ್ ತಟ್ಟೆಗಳ ಅಂಚಿನಲ್ಲಿ ಮದುವೆಯ ಉಡುಗೊರೆ ಕೊಟ್ಟವರ ಹೆಸರು, ದಿನಾಂಕಗಳಿವೆ. ಅವುಗಳನ್ನು ಬಣ್ಣದಡಿ ಮುಚ್ಚಬೇಕೇ?

ಸಾಗರದವ:
ಸ್ಟೀಲಿನ ವಿಷಯದಲ್ಲಿ ಬಣ್ಣಕ್ಕಿಂತ ಮೊದಲಿನ ಕೆಲಸವೇ ಮುಖ್ಯ. ತಟ್ಟೆಯನ್ನು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು ಜಿಡ್ಡು ಪೂರ್ತಿ ಹೋದ ಮೇಲೆ, ಹೊಳಪು ಮಾಸಿ ಮಂಕಾಗುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಧೂಳು ಒರೆಸಿ, ಲೋಹಕ್ಕೆ ಬಳಿಯುವ ರೆಡ್ ಆಕ್ಸೈಡ್ ಪ್ರೈಮರನ್ನು ತೆಳುವಾಗಿ ಎರಡು ಸಲ ಬಳಿಯಿರಿ. ಇದರಲ್ಲೊಂದು ಅನುಕೂಲವಿದೆ. ನಮ್ಮ ಸಾಗರದ ಕಡೆ ದೀವರ ಸಮುದಾಯದ ಮನೆಗಳ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚ ಹಿಡಿದು ಚಿತ್ತಾರ ಬರೆಯುತ್ತಾರೆ. ಈ ಪ್ರೈಮರಿನ ಬಣ್ಣ ಆ ಕೆಮ್ಮಣ್ಣಿಗೆ ಎಷ್ಟು ಹತ್ತಿರವೆಂದರೆ ಬೇರೆ ಹಿನ್ನೆಲೆ ಬಣ್ಣವೇ ಬೇಡ. ಅದು ಒಣಗಿದ ಮೇಲೆ ಬಿಳಿ ಅಕ್ರಿಲಿಕ್‌ನಲ್ಲಿ ಗೆರೆ ಎಳೆದು, ಕೊನೆಗೆ ಹೊಳಪಿಲ್ಲದ ವಾರ್ನಿಷ್ ಹಚ್ಚಿ. ಹೊಳೆಯುವ ವಾರ್ನಿಷ್ ಹಚ್ಚಿದರೆ ಮಣ್ಣುಗೋಡೆಯ ಕಳೆ ಉಳಿಯುವುದಿಲ್ಲ.

ಮಣ್ಣುಬಣ್ಣ:
ಪಿಂಗಾಣಿಗೆ ಮೇಲಿನ ವಿಧಾನ ಹೊಂದುವುದಿಲ್ಲ. ಸಾಮಾನ್ಯ ಅಕ್ರಿಲಿಕ್ ಅದರ ಮೇಲಿಂದ ಉಗುರಿಗೆ ಎದ್ದು ಬರುತ್ತದೆ. ಪಿಂಗಾಣಿಗೆಂದೇ ಸಿಗುವ, ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುವ ಬಣ್ಣವನ್ನು ಕೊಳ್ಳಿ. ಸ್ಪಿರಿಟ್ಟಿನಲ್ಲಿ ಒರೆಸಿದ ತಟ್ಟೆಯ ಮೇಲೆ ಚಿತ್ರ ಬರೆದು ಒಂದು ದಿನ ಒಣಗಲು ಬಿಟ್ಟು, ತಣ್ಣಗಿರುವ ಓವನ್ನಿನೊಳಗಿಟ್ಟು ಆಮೇಲೆ ಉರಿ ಹಚ್ಚಿ, ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಕಾಯಿಸಿ, ಒಳಗೇ ಆರಲು ಬಿಡಬೇಕು. ಬಿಸಿ ಓವನ್ನಿಗೆ ತಣ್ಣನೆಯ ತಟ್ಟೆ ಇಟ್ಟರೆ ಬಿರುಕು ಬಿಡಬಹುದು. ಡಬ್ಬಿಯ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ. ಚಿತ್ರ ಬರೆದ ಯಾವ ಪಾತ್ರೆಯೂ ಊಟಕ್ಕಲ್ಲವೆಂದು ಹಿಂಬದಿಯಲ್ಲಿ ಚೀಟಿ ಅಂಟಿಸುವುದನ್ನು ಮರೆಯಬೇಡಿ. ಹರಾಜಿನಲ್ಲಿ ಕೊಂಡವರು ಅದರಲ್ಲೇ ಕೋಸಂಬರಿ ಬಡಿಸಿಯಾರು! ಕೈತಪ್ಪಿ ಒಡೆದ ಚೂರುಗಳನ್ನೂ ಎಸೆಯಬೇಡಿ. ಚಂಡೀಗಢದಲ್ಲಿ 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್ನಿನಲ್ಲಿ ನೇಕ್ ಚಂದ್ ಅವರು ಒಡೆದ ಪಿಂಗಾಣಿ, ಬಳೆಚೂರುಗಳಿಂದಲೇ ಬೊಂಬೆಗಳ ಸಾಲುಗಳನ್ನು ನಿಲ್ಲಿಸಿದ್ದಾರೆ.

ಹಳೇಹಿತ್ತಾಳೆ:
ಹೆಸರುಗಳನ್ನು ದಯವಿಟ್ಟು ಮುಚ್ಚಬೇಡಿ. ಹಸೆಗೋಡೆಯ ಚಿತ್ತಾರ ಮದುಮಕ್ಕಳು ಕೂರುವ ಜಾಗದ ಹಿಂದೆ ಬರೆಯುವಂಥದ್ದು. ನಿಮ್ಮ ತಟ್ಟೆಗಳೂ ಮದುವೆಯಲ್ಲಿ ಬಂದವು. ಪಾತ್ರೆ ಅಂಗಡಿಯವರು ಮೆಷಿನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಆ ಓರೆಕೋರೆ ಅಕ್ಷರಗಳು ಇದು ಯಾರದೋ ಮನೆಯಲ್ಲಿ ಬಳಕೆಯಾದ ವಸ್ತು ಎಂಬುದಕ್ಕಿರುವ ಗುರುತು. ಅದನ್ನು ತೆಗೆದರೆ ಉಳಿಯುವುದು ಅಂಗಡಿಯಲ್ಲಿ ಸಿಗುವ ಅಲಂಕಾರದ ತಟ್ಟೆ ಮಾತ್ರ. ಪ್ರೈಮರ್ ಬಳಿಯುವ ಮುನ್ನ ಅಂಚಿನ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಸ್ಟೀಲ್ ಅಂಚು ಹಾಗೇ ಉಳಿದು ಚಿತ್ರಕ್ಕೆ ಚೌಕಟ್ಟೂ ಆಗುತ್ತದೆ. ಆದರೆ ತಟ್ಟೆ ಕೊಟ್ಟ ಮನೆಯವರ ಒಪ್ಪಿಗೆ ಕೇಳಲೇಬೇಕು. ಹರಾಜಿನಲ್ಲಿ ತಮ್ಮ ಅತ್ತೆಯ ಹೆಸರು ಕೂಗುವುದು ಎಲ್ಲರಿಗೂ ಹಿಡಿಸದು.

ಕುಂಚಪ್ರಿಯೆ:
ತಮ್ಮೆಲ್ಲರಿಗೂ ಧನ್ಯವಾದಗಳು. ಒಪ್ಪಿಗೆ ಕೊಡದವರ ತಟ್ಟೆಗಳಲ್ಲಿ ಮಾತ್ರ ಚಿತ್ತಾರವನ್ನು ಅಂಚಿನವರೆಗೂ ಒಯ್ಯುತ್ತೇವೆ. ತೂಗುಹಾಕಲು ಸ್ಟೀಲಿಗೆ ತೂತು ಕೊರೆಯುವ ಬದಲು ಸ್ಪ್ರಿಂಗ್ ಕೊಂಡಿ ಸಾಕಾಗುವುದೇ ಎಂಬುದನ್ನು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಸಾಗರದವ:
ಊಟದ ತಟ್ಟೆಯ ತೂಕಕ್ಕೆ ಧಾರಾಳವಾಗಿ ಸಾಕು. ಕೊಂಡಿಯ ಕೊಕ್ಕೆಗಳು ವಾರ್ನಿಷ್ ಗೀರದಂತೆ ಅವಕ್ಕೆ ಸಣ್ಣ ರಬ್ಬರ್ ಕೊಳವೆ ತೊಡಿಸಿ.