1780ರ ದಶಕದ ಇಂಗ್ಲೆಂಡಿನ ಹಳ್ಳಿ ಡಾಕ್ಟರು ಕಾಯಿಲೆ ಬಿದ್ದ ಮುದುಕಿಗೆ ಏನು ಮಾಡುತ್ತಿದ್ದರು?

ಮಸಿಕುಡಿಕೆ:
ಎಲ್ಲರಿಗೂ ನಮಸ್ಕಾರ. ಒಂದು ಕತೆ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಶ್ರಾಪ್‌ಶೈರ್, 1786. ಎಪ್ಪತ್ತು ದಾಟಿದ ವಿಧವೆ, ಮಗಳ ಮನೆಯಲ್ಲಿದ್ದಾಳೆ. ಎರಡೂ ಕಾಲು ಊದಿಕೊಂಡಿವೆ, ಹೊಟ್ಟೆ ಉಬ್ಬಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ರಾತ್ರಿಯೆಲ್ಲ ಕುರ್ಚಿಯಲ್ಲೇ ಕೂತಿರುತ್ತಾಳೆ. ಡಾಕ್ಟರು ಕುದುರೆ ಮೇಲೆ ಬರುತ್ತಾರೆ, ಬಾಗಿಲು ತಟ್ಟುತ್ತಾರೆ. ಅಲ್ಲಿಗೆ ನಿಂತುಬಿಟ್ಟಿದ್ದೇನೆ.

ಒಳಗೆ ಬಂದ ಮೇಲೆ ಅವರು ಮೊದಲು ಏನು ನೋಡುತ್ತಾರೆ? ಚೀಲದಲ್ಲಿ ಏನಿರುತ್ತದೆ? ರಕ್ತ ತೆಗೆಯುತ್ತಾರಾ? ದುಡ್ಡು ಯಾರು ಕೊಡುತ್ತಾರೆ? ಆ ಕಾಲದ ಡಾಕ್ಟರು ಅಂದರೆ ಬರೀ ರಕ್ತ ಹರಿಸಿ ಜೀವ ತೆಗೆಯುವವರು ಅಂತ ತೋರಿಸಲು ನನಗೆ ಮನಸ್ಸಿಲ್ಲ. ಹಾಗಂತ ಎಲ್ಲವನ್ನೂ ತಿಳಿದ ಮಹಾಪುರುಷನೂ ಬೇಡ. ಗೊತ್ತಿದ್ದವರು ಹೇಳಿ.

ನಾಡಿಬಡಿತ:
ನಾನು ವೃತ್ತಿಯಲ್ಲಿ ಡಾಕ್ಟರ್, ಹಳೆಯ ವೈದ್ಯದ ಚರಿತ್ರೆ ಓದುವ ಹುಚ್ಚು. ನೀವು ಬರೆದ ಲಕ್ಷಣ ನೋಡಿದರೆ ಇವತ್ತಿನ ಲೆಕ್ಕದಲ್ಲಿ ಅದು ಹಾರ್ಟ್ ಫೇಲ್ಯೂರ್. ಅವರು ಅದನ್ನು ಡ್ರಾಪ್ಸಿ ಅನ್ನುತ್ತಿದ್ದರು, ಮೈಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆ. ಕಾರಣ ಹೃದಯವೋ ಕಿಡ್ನಿಯೋ ಲಿವರೋ ಅಂತ ಖಚಿತವಾಗಿ ಬೇರೆ ಮಾಡಿ ಹೇಳಲು ಅವರ ಕೈಯಲ್ಲಿ ದಾರಿ ಇರಲಿಲ್ಲ.

ಮೊದಲು ಏನೇನು ಇರಲಿಲ್ಲ ಅಂತ ನೋಡಿ, ಕತೆಯಲ್ಲಿ ತಪ್ಪು ನುಸುಳುವುದು ಅಲ್ಲೇ. ಸ್ಟೆತಸ್ಕೋಪ್ ಇಲ್ಲ, ಪ್ಯಾರಿಸ್ಸಿನಲ್ಲಿ ಲೆನೆಕ್ ಅದನ್ನು ಕಂಡುಹಿಡಿದದ್ದು 1816ರಲ್ಲಿ. ಬಿಪಿ ನೋಡುವ ಯಂತ್ರ ಇಲ್ಲ. ಜ್ವರ ನೋಡಲು ಥರ್ಮಾಮೀಟರನ್ನು ಹಳ್ಳಿಗೆ ಒಯ್ಯುವ ರೂಢಿ ಇಲ್ಲ. ಎದೆಯನ್ನು ಬೆರಳಿನಿಂದ ತಟ್ಟಿ ಒಳಗೆ ನೀರಿದೆಯಾ ಅಂತ ಶಬ್ದದಿಂದ ತಿಳಿಯುವ ವಿಧಾನವನ್ನು ವಿಯೆನ್ನಾದ ಔಎನ್‌ಬ್ರುಗ್ಗರ್ 1761ರಲ್ಲೇ ಬರೆದಿದ್ದರು, ಆದರೆ ಹೆಚ್ಚಿನವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಶ್ರಾಪ್‌ಶೈರಿನ ಹಳ್ಳಿಯಲ್ಲಿ ಯಾರೂ ಎದೆ ತಟ್ಟಿರುವುದಿಲ್ಲ.

ಹಾಗಾದರೆ ಏನು ಮಾಡುತ್ತಾರೆ? ಕೂತು ಮಾತಾಡಿಸುತ್ತಾರೆ, ಬಹಳ ಹೊತ್ತು. ಯಾವಾಗ ಶುರುವಾಯಿತು, ಊತ ಮೊದಲು ಪಾದಕ್ಕೆ ಬಂತಾ ಹೊಟ್ಟೆಗೆ ಬಂತಾ, ರಾತ್ರಿ ಎಷ್ಟು ಹೊತ್ತಿಗೆ ಉಸಿರು ಕಟ್ಟಿ ಏಳುತ್ತಾಳೆ, ಮೂತ್ರ ಎಷ್ಟು ಹೋಗುತ್ತದೆ. ಕೊನೆಯದು ತುಂಬ ಮುಖ್ಯ. ಮಗಳು ಕೋಣೆಯ ಮೂಲೆಯಿಂದ ಮೂತ್ರದ ಪಾತ್ರೆ ತಂದು ತೋರಿಸುತ್ತಾಳೆ, ಅವರು ಅದರ ಬಣ್ಣ, ಮಡ್ಡಿ, ಪ್ರಮಾಣ ನೋಡುತ್ತಾರೆ. ನಾಲಿಗೆ ನೋಡುತ್ತಾರೆ. ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಡುತ್ತಾರೆ, ಗುಳಿ ಹಾಗೇ ಉಳಿದರೆ ಒಳಗೆ ನೀರಿದೆ ಅಂತ ಅರ್ಥ. ಇದನ್ನು ನಾನು ಇವತ್ತಿಗೂ ಮಾಡುತ್ತೇನೆ.

ನಾಡಿ ನೋಡುವಾಗ ಕೈಯಲ್ಲಿ ಗಡಿಯಾರ ಇರಬಹುದು. ಜಾನ್ ಫ್ಲಾಯರ್ ಎಂಬ ಡಾಕ್ಟರು 1707ರಲ್ಲೇ ಒಂದು ನಿಮಿಷ ಅಳೆಯುವ ನಾಡಿ ಗಡಿಯಾರದ ಬಗ್ಗೆ ಪುಸ್ತಕ ಬರೆದಿದ್ದರು. ಆದರೆ ಹೆಚ್ಚಿನವರಿಗೆ ಎಣಿಕೆಗಿಂತ ನಾಡಿಯ ಗುಣ ಮುಖ್ಯ: ಗಟ್ಟಿಯಾ, ಮೆದುವಾ, ತಪ್ಪಿ ತಪ್ಪಿ ಬಡಿಯುತ್ತಾ. ಮುದುಕಿಯ ಬಟ್ಟೆ ಬಿಚ್ಚಿಸಿ ಎದೆ ಪರೀಕ್ಷೆ ಮಾಡುವ ದೃಶ್ಯ ಮಾತ್ರ ಬರೆಯಬೇಡಿ, ಅದು ಆ ಕಾಲಕ್ಕೆ ಸೇರಿದ್ದಲ್ಲ.

ಹಳೆಕಾಗದ:
ದುಡ್ಡಿನ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಬಂದವರು ಯಾರು ಅನ್ನುವುದೇ ಅದರ ಮೇಲೆ ನಿಂತಿದೆ.

ವಿಶ್ವವಿದ್ಯಾಲಯದಲ್ಲಿ ಎಂ.ಡಿ. ಮಾಡಿದವರು ಫಿಸಿಷಿಯನ್. ಅವರ ಫೀಸು ಸಾಮಾನ್ಯವಾಗಿ ಒಂದು ಗಿನಿ, ಅಂದರೆ 21 ಶಿಲ್ಲಿಂಗ್. ಕೂಲಿ ಮಾಡುವವನಿಗೆ ಇಡೀ ವಾರ ದುಡಿದರೂ ಅಷ್ಟು ಸಿಗುತ್ತಿರಲಿಲ್ಲ. ಹಳ್ಳಿಯ ಬಡವರ ಮನೆಗೆ ಬರುವವರು ಬಹುಮಟ್ಟಿಗೆ ಸರ್ಜನ್-ಅಪೋತಿಕರಿ. ಕಾಲೇಜು ಮೆಟ್ಟಿಲು ಹತ್ತದೆ, ಹುಡುಗನಾಗಿದ್ದಾಗಲೇ ಒಬ್ಬ ಹಿರಿಯರ ಹತ್ತಿರ ವರ್ಷಗಟ್ಟಲೆ ಕೆಲಸ ಕಲಿತವರು. ಹಲ್ಲು ಕೀಳುವುದು, ಮೂಳೆ ಕೂಡಿಸುವುದು, ಹೆರಿಗೆ, ಔಷಧಿ ಅರೆಯುವುದು ಎಲ್ಲ ಅವರೇ. ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ ಕೂಡ ಹೀಗೇ ಕಲಿತು, ಲಂಡನ್ನಿನಲ್ಲಿ ಹೆಸರಾಂತ ಸರ್ಜನ್ ಜಾನ್ ಹಂಟರ್ ಬಳಿ ಪಳಗಿ, ವಾಪಸ್ ತಮ್ಮೂರು ಬರ್ಕ್ಲಿಗೆ ಬಂದು ಹಳ್ಳಿ ವೈದ್ಯರಾಗಿದ್ದವರು. ಅವರಿಗೆ ಎಂ.ಡಿ. ಸಿಕ್ಕಿದ್ದು 1792ರಲ್ಲಿ!

1704ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ಒಂದು ತೀರ್ಪಿನಿಂದ ಅಪೋತಿಕರಿಗಳು ಕಾಯಿಲೆ ನೋಡಿ ಔಷಧಿ ಕೊಡಬಹುದು ಅಂತಾಯಿತು. ಆದರೆ ದುಡ್ಡು ಕೇಳಬೇಕಾದದ್ದು ಔಷಧಿಗೆ, ಸಲಹೆಗಲ್ಲ. ಇದರ ಪರಿಣಾಮ ಏನು ಹೇಳಿ? "ಏನೂ ಬೇಡ, ವಿಶ್ರಾಂತಿ ತಗೊಳ್ಳಿ" ಅಂದರೆ ಅವರಿಗೆ ಕಾಸು ಹುಟ್ಟದು. ಹಾಗಾಗಿ ಬಾಟಲಿ ಮೇಲೆ ಬಾಟಲಿ, ಪೊಟ್ಟಣದ ಮೇಲೆ ಪೊಟ್ಟಣ. ದುರಾಸೆ ಇಲ್ಲದವರೂ ಹೀಗೇ ಮಾಡಬೇಕಾಗಿತ್ತು. ನಿಮ್ಮ ಮುದುಕಿ ತೀರಾ ಬಡವಿಯಾದರೆ ಬಿಲ್ಲು ಊರಿನ ಚರ್ಚಿನ ಆಡಳಿತ ವಲಯವಾದ ಪ್ಯಾರಿಷ್‌ಗೆ ಹೋಗುತ್ತದೆ. ಬಡವರನ್ನು ನೋಡಿಕೊಳ್ಳುವುದು ಆಯಾ ಪ್ಯಾರಿಷ್‌ನ ಹೊಣೆ, ಅದಕ್ಕೆಂದೇ ಮೇಲ್ವಿಚಾರಕರಿದ್ದರು. ಅವರು ತೆರಿಗೆ ಹಣದಲ್ಲಿ ಡಾಕ್ಟರಿಗೆ ಕೊಡುತ್ತಿದ್ದರು, ಸುಮ್ನೆ ಅಲ್ಲ, ಚೌಕಾಸಿ ಮಾಡಿ.

ಕಾಡುಸಂಪಿಗೆ:
1786 ಮತ್ತು ಶ್ರಾಪ್‌ಶೈರ್ ಅಂತ ಓದಿ ತುಂಬ ಖುಷಿಯಾಯಿತು. ನಿಮಗೆ ಗೊತ್ತಿದ್ದೇ ಆರಿಸಿದಿರೋ ಏನೋ! ವಿಲಿಯಂ ವಿದರಿಂಗ್ ಎಂಬ ಡಾಕ್ಟರು ಹುಟ್ಟಿದ್ದು ಅದೇ ಶ್ರಾಪ್‌ಶೈರಿನ ವೆಲಿಂಗ್ಟನ್‌ನಲ್ಲಿ, 1741ರಲ್ಲಿ. ಡ್ರಾಪ್ಸಿಗೆ ಫಾಕ್ಸ್‌ಗ್ಲವ್ ಗಿಡದ ಎಲೆ ಕೊಡುವ ಬಗ್ಗೆ ಅವರು ಪುಸ್ತಕ ಪ್ರಕಟಿಸಿದ್ದು 1785ರಲ್ಲಿ. ನಿಮ್ಮ ಕತೆಗೆ ಒಂದೇ ವರ್ಷ ಮೊದಲು.

1775ರಲ್ಲಿ ಯಾರೋ ಬಂದು, ಶ್ರಾಪ್‌ಶೈರಿನ ಒಬ್ಬ ಮುದುಕಿ ಗುಟ್ಟಾಗಿ ಇಟ್ಟುಕೊಂಡಿದ್ದ ಮನೆಮದ್ದಿನ ಬಗ್ಗೆ ವಿದರಿಂಗರ ಅಭಿಪ್ರಾಯ ಕೇಳಿದರು. ದೊಡ್ಡ ಡಾಕ್ಟರುಗಳ ಕೈಲಿ ಆಗದ ಡ್ರಾಪ್ಸಿಯನ್ನು ಆ ಮುದುಕಿ ಎಷ್ಟೋ ಸಲ ವಾಸಿ ಮಾಡಿದ್ದಳಂತೆ. ಮದ್ದಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪು. ಕುಡಿದವರಿಗೆ ವಿಪರೀತ ವಾಂತಿ, ಭೇದಿ. ವಿದರಿಂಗರಿಗೆ ಗಿಡಗಳ ಬಗ್ಗೆ ಚೆನ್ನಾಗಿ ಗೊತ್ತಿತ್ತು, ಅಷ್ಟರಲ್ಲಿ ಕೆಲಸ ಮಾಡುವ ಸೊಪ್ಪು ಫಾಕ್ಸ್‌ಗ್ಲವ್ ಒಂದೇ ಅಂತ ಹಿಡಿದುಬಿಟ್ಟರು. ಆ ಹೆಂಗಸಿನ ಹೆಸರು ಮಾತ್ರ ಅವರು ಬರೆಯಲಿಲ್ಲ. ನನಗೆ ಅದೇ ಬೇಜಾರು.

ಆಮೇಲಿನ ಹತ್ತು ವರ್ಷ ಅವರು ಮಾಡಿದ್ದು ನಿಜವಾದ ಕೆಲಸ. ಬರ್ಮಿಂಗ್‌ಹ್ಯಾಮ್‌ನಲ್ಲಿ ದಿನಕ್ಕೊಂದು ಗಂಟೆ ಬಡವರನ್ನು ಪುಕ್ಕಟೆ ನೋಡುತ್ತಿದ್ದರು, ವರ್ಷಕ್ಕೆ ಎರಡು ಮೂರು ಸಾವಿರ ಜನ ಬರುತ್ತಿದ್ದರು. ಅವರಲ್ಲಿ ಡ್ರಾಪ್ಸಿ ಇದ್ದವರಿಗೆ ಕೊಟ್ಟು, ನೋಡಿ, ಬರೆದಿಟ್ಟರು. ಮೊದಮೊದಲು ತಾನು ಕೊಟ್ಟ ಅಳತೆ ತುಂಬ ಜಾಸ್ತಿಯಾಗಿತ್ತು, ನಿಲ್ಲಿಸಬೇಕಾದಾಗ ನಿಲ್ಲಿಸಲಿಲ್ಲ ಅಂತ ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾರೆ. ಗುಣವಾದವರ ಜೊತೆಗೆ ಗುಣವಾಗದವರ ವಿವರವನ್ನೂ ಹಾಕಿದ್ದಾರೆ. ನನಗೆ ಅವರ ಮೇಲೆ ಗೌರವ ಬಂದದ್ದು ಇದಕ್ಕೇ.

ಗಿಡ ಹೂ ಬಿಡುವ ಹೊತ್ತಿಗೆ ಎಲೆ ಕೀಳಬೇಕು. ತೊಟ್ಟು, ನಡುವಿನ ದಂಟು ತೆಗೆದುಹಾಕಿ ಬಿಸಿಲಲ್ಲೋ ಬೆಂಕಿಯ ಮುಂದೆಯೋ ಒಣಗಿಸಬೇಕು. ಪುಡಿ ಚೆಂದದ ಹಸಿರಾಗಿರುತ್ತದೆ. ದೊಡ್ಡವರಿಗೆ ದಿನಕ್ಕೆ ಎರಡು ಸಲ, ಸಲಕ್ಕೆ ಒಂದರಿಂದ ಮೂರು ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಚಿಟಿಕೆಗಿಂತ ಕಡಿಮೆ. ದಯವಿಟ್ಟು ಯಾರೂ ಇದನ್ನು ಪ್ರಯತ್ನ ಮಾಡಬೇಡಿ, ಇಡೀ ಗಿಡವೇ ವಿಷ.

ಮಸಿಕುಡಿಕೆ:
ಅಬ್ಬಾ, ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಇಸವಿ ಆರಿಸಿದ್ದು ಗೊತ್ತಿದ್ದಲ್ಲ ಮೇಡಂ, ಹಾಗೇ ಕೂಡಿಬಂತು. ಇನ್ನೆರಡು ಕೇಳುತ್ತೇನೆ. ಪುಸ್ತಕ ಬಂದು ಒಂದೇ ವರ್ಷ ಆಗಿದೆ, ನನ್ನ ಡಾಕ್ಟರಿಗೆ ಅದು ಗೊತ್ತಿಲ್ಲದಿದ್ದರೆ ಏನು ಕೊಡುತ್ತಿದ್ದರು? ರಕ್ತ ತೆಗೆಯುವುದರ ಬಗ್ಗೆ ಯಾರೂ ಹೇಳಲಿಲ್ಲ.

ಹಳೆಕಾಗದ:
ಗೊತ್ತಿಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಸ್ಯಾಮ್ಯುಯಲ್ ಜಾನ್ಸನ್ ಇದ್ದಾರಲ್ಲ, ಇಂಗ್ಲಿಷ್ ನಿಘಂಟು ಮಾಡಿದವರು. ಕೊನೆಗಾಲದಲ್ಲಿ ಅವರಿಗೂ ಇದೇ ಡ್ರಾಪ್ಸಿ, ಇದೇ ಉಸಿರಾಟದ ತೊಂದರೆ. ಸ್ಕ್ವಿಲ್ ಅಂತ ಈರುಳ್ಳಿಯಂಥ ಗಡ್ಡೆಯ ಔಷಧಿ ತೆಗೆದುಕೊಳ್ಳುತ್ತಿದ್ದರು, ಅದು ಮೂತ್ರ ಇಳಿಸಲು. ನಿದ್ದೆಗೆ ಅಫೀಮು. ವಿಲಿಯಂ ಹೆಬರ್ಡನ್‌ರಂಥ ದೊಡ್ಡ ಫಿಸಿಷಿಯನ್ನರೇ ನೋಡುತ್ತಿದ್ದರು. ಕೊನೆಗೆ ನೀರು ಹರಿದುಹೋಗಲಿ ಅಂತ ತಾವೇ ಕಾಲು ಕೊಯ್ದುಕೊಂಡರು. 1784ರ ಡಿಸೆಂಬರ್ 13ರಂದು ತೀರಿಕೊಂಡರು, 75 ವಯಸ್ಸು. ವಿದರಿಂಗರ ಪುಸ್ತಕ ಬಂದದ್ದು ಮರುವರ್ಷ.

ಹಳ್ಳಿಯ ಚೀಲದಲ್ಲಿ ಇವೇ ಇರುತ್ತವೆ: ಸ್ಕ್ವಿಲ್, ಬಲವಾಗಿ ಭೇದಿ ಮಾಡಿಸುವ ಜಾಲಪ್ ಬೇರಿನ ಪುಡಿ, ಪಾದರಸದ ಕ್ಯಾಲೊಮೆಲ್, ಮದ್ಯದಲ್ಲಿ ಇಳಿಸಿದ ಅಫೀಮಿನ ಲಾಡನಮ್, ಚರ್ಮದ ಮೇಲೆ ಗುಳ್ಳೆ ಎಬ್ಬಿಸಲು ಕ್ಯಾಂಥರಿಡಿಸ್ ಹುಳದ ಪಟ್ಟಿ. ಹೊಟ್ಟೆ ತುಂಬ ಬಿಗಿದುಕೊಂಡರೆ ಟ್ರೋಕಾರ್ ಎಂಬ ಚೂಪು ಕೊಳವೆ ಚುಚ್ಚಿ ನೀರು ಇಳಿಸುತ್ತಿದ್ದರು, ನೋವಿಗೆ ಮರಗಟ್ಟಿಸುವ ಔಷಧಿ ಇಲ್ಲದೆ.

ನಾಡಿಬಡಿತ:
ರಕ್ತದ ಬಗ್ಗೆ. ರಕ್ತನಾಳ ಕೊಯ್ಯುವ ಚಿಕ್ಕ ಕತ್ತಿ, ಲ್ಯಾನ್ಸೆಟ್, ಅವರ ಜೇಬಿನಲ್ಲಿ ಇದ್ದೇ ಇರುತ್ತದೆ. ಆದರೆ ಎಲ್ಲರಿಗೂ ಕಣ್ಣುಮುಚ್ಚಿ ರಕ್ತ ತೆಗೆಯುತ್ತಿದ್ದರು ಅನ್ನುವುದು ಸರಿಯಲ್ಲ. ನಾಡಿ ಗಟ್ಟಿಯಾಗಿ, ಮೈ ಬಿಸಿಯಾಗಿ, ಮುಖ ಕೆಂಪಾಗಿದ್ದರೆ ತೆಗೆಯುವುದು. ವಯಸ್ಸಾಗಿ ಸೊರಗಿದವರಿಗೆ ತೆಗೆಯಲು ಅನುಭವಸ್ಥರು ಹಿಂಜರಿಯುತ್ತಿದ್ದರು. ಇನ್ನೊಂದು ಮಾತು, ಶ್ವಾಸಕೋಶದಲ್ಲಿ ನೀರು ಕಟ್ಟಿದಾಗ ಸ್ವಲ್ಪ ರಕ್ತ ತೆಗೆದರೆ ಹೃದಯದ ಮೇಲಿನ ಹೊರೆ ಇಳಿದು ಉಸಿರು ಸಲೀಸಾಗುತ್ತದೆ. ಇಪ್ಪತ್ತನೇ ಶತಮಾನದಲ್ಲೂ ಇದನ್ನು ಮಾಡುತ್ತಿದ್ದರು. ಹಾಗಾಗಿ ಆ ಡಾಕ್ಟರು ಒಂದು ರಾತ್ರಿ ಹಾಗೆ ಮಾಡಿ, ಮುದುಕಿ ಬೆಳಗಿನವರೆಗೆ ಹಾಯಾಗಿದ್ದಳು ಅಂತ ಬರೆದರೂ ಸುಳ್ಳಾಗುವುದಿಲ್ಲ. ಎರಡು ದಿನಕ್ಕೆ ಮತ್ತೆ ಅದೇ ಪಾಡು, ಮೇಲೆ ನಿಶ್ಶಕ್ತಿ.

ಫಾಕ್ಸ್‌ಗ್ಲವ್ ಯಾರಿಗೆ ಹಿಡಿಯುತ್ತದೆ ಅಂತಲೂ ವಿದರಿಂಗ್ ಬರೆದಿದ್ದಾರೆ. ನಾಡಿ ದುರ್ಬಲ ಅಥವಾ ತಪ್ಪಿ ತಪ್ಪಿ ಬಡಿಯುತ್ತಿರಬೇಕು, ಮುಖ ಬಿಳಿಚಿ, ತುಟಿ ನೀಲಿಗಟ್ಟಿ, ಮೈ ತಣ್ಣಗಿರಬೇಕು, ಒತ್ತಿದರೆ ಕಾಲಲ್ಲಿ ಸುಲಭವಾಗಿ ಗುಳಿ ಬೀಳಬೇಕು. ಓದಿದಾಗ ನನಗೆ ರೋಮಾಂಚನವಾಯಿತು, ಯಾಕೆಂದರೆ ಇದು ಹೃದಯ ಸೋತವರ ಚಿತ್ರ! ಅವರು ಅದನ್ನು ಮೂತ್ರದ ಔಷಧಿ ಅಂದುಕೊಂಡೇ ಬಳಸಿದರೂ, ಹೃದಯದ ಬಡಿತದ ಮೇಲೆ ಬೇರೆ ಯಾವ ಔಷಧಿಗೂ ಕಾಣದ ಶಕ್ತಿ ಇದಕ್ಕಿದೆ ಅಂತ ಗಮನಿಸಿದ್ದರು. 1930ರಲ್ಲಿ ಇದೇ ಕುಲದ ಇನ್ನೊಂದು ಗಿಡದಿಂದ ಬೇರ್ಪಡಿಸಿದ ಡಿಗಾಕ್ಸಿನ್ ಅನ್ನು ನಾವು ಈಗಲೂ ಬರೆದುಕೊಡುತ್ತೇವೆ.

ಕಾಡುಸಂಪಿಗೆ:
ನಿಮ್ಮ ಡಾಕ್ಟರಿಗೆ ಪುಸ್ತಕ ಸಿಕ್ಕಿದೆ ಅಂತಲೇ ಬರೆಯಿರಿ, ನನ್ನ ಆಸೆ ಅದು. ಆದರೆ ಅಪಾಯ ಬಿಡಬೇಡಿ. ಅಳತೆ ಮೀರಿದರೆ ವಾಕರಿಕೆ, ತಲೆಸುತ್ತು, ಕಣ್ಣಿಗೆ ಎಲ್ಲ ಹಳದಿ ಅಥವಾ ಹಸಿರಾಗಿ ಕಾಣುವುದು, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುವುದು, ಆಮೇಲೆ ಸಾವು. ಇದನ್ನೂ ವಿದರಿಂಗರೇ ಬರೆದದ್ದು. ಈ ಎಲೆಯ ಔಷಧಿ ಮೈಯಿಂದ ತುಂಬ ನಿಧಾನವಾಗಿ ಹೊರಹೋಗುತ್ತದೆ, ಹಾಗಾಗಿ ದಿನದಿಂದ ದಿನಕ್ಕೆ ಒಳಗೇ ಸೇರುತ್ತಾ ಹೋಗುತ್ತದೆ.

ಡಾಕ್ಟರು ಮೈಲುಗಟ್ಟಲೆ ದೂರದಲ್ಲಿದ್ದಾರೆ, ದಿನಾ ಬರಲು ಆಗದು. ಕೊಡುವವಳು ಮಗಳು, ನಿಲ್ಲಿಸಬೇಕಾದವಳೂ ಮಗಳೇ. ಹಾಗಾಗಿ ಹೊರಡುವ ಮುನ್ನ ಅವರು ಅವಳಿಗೆ ಹೇಳಿಕೊಡಲೇಬೇಕು: ಮೂತ್ರ ಧಾರಾಳವಾಗಿ ಇಳಿಯತೊಡಗಿದರೆ ನಿಲ್ಲಿಸು, ಹೊಟ್ಟೆ ತೊಳಸಿದರೆ ನಿಲ್ಲಿಸು, ಭೇದಿಯಾದರೆ ನಿಲ್ಲಿಸು, ನಾಡಿ ನಿಧಾನವಾದರೆ ನಿಲ್ಲಿಸು. ಅವಳ ಬೆರಳನ್ನು ತಾಯಿಯ ಮಣಿಕಟ್ಟಿನ ಮೇಲೆ ಇಡಿಸಿ ನಾಡಿ ಹಿಡಿಯಲು ಕಲಿಸಲಿ. ಮನೆಯಲ್ಲಿ ಗಡಿಯಾರ ಇಲ್ಲದಿದ್ದರೆ ತನ್ನ ನಾಡಿಗೆ ಹೋಲಿಸಿ ನೋಡಲು ಹೇಳಲಿ. ಊತ ಇಳಿದರೂ ಕೆಲವು ತಿಂಗಳಲ್ಲಿ ಮತ್ತೆ ಬರಬಹುದು, ವಿದರಿಂಗರ ರೋಗಿಗಳಲ್ಲೂ ಎಷ್ಟೋ ಜನರಿಗೆ ಹಾಗಾಗಿತ್ತು. ಆಗ ಮತ್ತೆ ಹೇಳಿಕಳಿಸು, ನಾನು ಬರುವವರೆಗೆ ನೀನಾಗಿ ಪುಡಿ ಕೊಡಬೇಡ ಅಂತ ಗಟ್ಟಿಯಾಗಿ ಹೇಳಿಯೇ ಕುದುರೆ ಹತ್ತಲಿ.